ಅಲೆಟಾಳ ಪೀಚ್ ಪೆಟ್ಟಿಗೆ

ಅಟ್ಟದ ಬೀಗದ ಕೈಯನ್ನು ಗೆಸೀನಾ ಕೊಟ್ಟದ್ದು ಒಂದು ಫೋಟೋದ ಆಸೆಗೆ. ಬೇರೇನಾದರೂ ದೊಡ್ಡ ಕಾರಣ ಹೇಳಿ ಅವಳ ಮಾನ ಉಳಿಸೋಣವೆಂದರೆ ಹಾಗೇನೂ ಇಲ್ಲ. ಅರವತ್ತೊಂದು ವರ್ಷದ ಹೆಂಗಸು, ಸುತ್ತಲಿನ ತೋಟದವರೆಲ್ಲ ಮಾತಿಗೆ ತಪ್ಪದವಳು ಎಂದು ನಂಬಿದ್ದ ಹೆಂಗಸು, ನಿದ್ದೆ ಹೋಗಿದ್ದ ತಾಯಿಯ ತಲೆದಿಂಬಿನ ಮೇಲಿದ್ದ ಮೊಳೆಯಿಂದ ಬೀಗದ ಕೈ ತೆಗೆದುಕೊಂಡು, ಬೆಕ್ಕಿನ ಹೆಜ್ಜೆ ಹಾಕುತ್ತ ಹೊರಗೆ ಬಂದು, ಚಿಕ್ಕಪ್ಪನ ಮಗ ದೀಡ್ರಿಕ್‌ನ ಅಂಗೈಯಲ್ಲಿ ಇಟ್ಟಳು. ಆಗ ಅವಳಿಗೆ ನಾಚಿಕೆ ಕೂಡ ಆಗಲಿಲ್ಲ. ಆಗಬೇಕಾದದ್ದೆಲ್ಲ ಮರುದಿನ ಆಯಿತು.

ಅಟ್ಟದಲ್ಲಿ ಇದ್ದದ್ದು ಅವಳ ತಾಯಿ ಅಲೆಟಾಳ ಶವಪೆಟ್ಟಿಗೆ, ಅದರ ತುಂಬ ಒಣಗಿಸಿದ ಪೀಚ್ ಹಣ್ಣು. ದಕ್ಷಿಣ ಆಫ್ರಿಕಾದ ಕರೂ ಸೀಮೆಯ ಹಳೇ ತೋಟದಮನೆಗಳಲ್ಲಿ ಇದು ಹುಬ್ಬೇರಿಸುವ ಸಂಗತಿಯೇ ಅಲ್ಲ. ಪೇಟೆ ದೂರ, ಬೇಸಿಗೆಯ ಬಿಸಿಲು ಕೆಟ್ಟದ್ದು, ಸತ್ತವರನ್ನು ಎರಡು ದಿನ ಇಟ್ಟುಕೊಳ್ಳುವ ಹಾಗಿಲ್ಲ. ಆದ್ದರಿಂದ ಬುದ್ಧಿ ಇದ್ದವರು ಕೈಕಾಲು ಗಟ್ಟಿ ಇರುವಾಗಲೇ ತಮ್ಮ ಅಳತೆಗೆ ಪೆಟ್ಟಿಗೆ ಮಾಡಿಸಿ ಅಟ್ಟಕ್ಕೆ ಏರಿಸಿಬಿಡುತ್ತಿದ್ದರು. ಏರಿಸಿದ ಮೇಲೆ ಅಷ್ಟು ಒಳ್ಳೆಯ ಪೆಟ್ಟಿಗೆ ಖಾಲಿ ಬಿದ್ದಿರಬೇಕೇ? ಇಲಿ ನುಗ್ಗದ ಜಾಗ ಮನೆಯಲ್ಲಿ ಅದೊಂದೇ. ಬೇಸಿಗೆಯಲ್ಲಿ ಒಣಗಿಸಿದ ಪೀಚು, ದ್ರಾಕ್ಷಿ ಎಲ್ಲ ಅದರೊಳಗೆ. ಯಜಮಾನ ಸತ್ತ ದಿನ ಹಣ್ಣು ಹೊರಗೆ, ಯಜಮಾನ ಒಳಗೆ.

ಸೂಟ್‌ಫೊಂಟೇನ್ ತೋಟದಲ್ಲಿ ಅಂಥವು ಎರಡು ಇದ್ದವು. ಗೆಸೀನಾಳ ಅಪ್ಪ ಬಾರೆಂಡ್ ಹಳೇ ಗಾಡಿಕೊಟ್ಟಿಗೆ ಕೆಡವಿದಾಗ ಸಿಕ್ಕಿದ ಹಳದಿಮರದ ಹಲಗೆಗಳನ್ನು ತೋಟದ ಬಡಗಿ ಅಪೊಲ್ಲೋಸನ ಮುಂದೆ ರಾಶಿ ಹಾಕಿದ್ದ. ಆ ಚಳಿಗಾಲ ಇಬ್ಬರೂ ಕೂಡಿ ಮೂರು ವಸ್ತು ಮಾಡಿದರು: ಗಂಡನಿಗೊಂದು ಪೆಟ್ಟಿಗೆ, ಹೆಂಡತಿಗೊಂದು ಪೆಟ್ಟಿಗೆ, ಅಡುಗೆಮನೆಗೆ ಹತ್ತು ಜನ ಕೂರುವ ಮೇಜು. ಬಾರೆಂಡ್ ತನ್ನದರಲ್ಲಿ ಮಲಗಿ ಹೋಗಿ ಮೂವತ್ತು ವರ್ಷವಾಯಿತು. ಅಲೆಟಾಳದ್ದು ಉಳಿಯಿತು. ಪ್ರತಿ ಫೆಬ್ರವರಿಯಲ್ಲೂ ಆಕೆ ತಾನೇ ಅಟ್ಟ ಹತ್ತಿ, ಒಳಗೆ ಬಿಳಿ ಬಟ್ಟೆ ಹಾಸಿ, ಪೀಚಿನ ಹೋಳುಗಳನ್ನು ಸಾಲಾಗಿ ಜೋಡಿಸಿ ಇಳಿಯುತ್ತಿದ್ದಳು. ಎಂಬತ್ತೆಂಟು ದಾಟಿದ ಮೇಲೆ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತು ಮಗಳ ಮೇಲೆ ದರ್ಬಾರು ನಡೆಸುತ್ತಿದ್ದಳು.

"ಪೀಚಿನ ವಾಸನೇಲೇ ಹೋಗ್ತೀನಿ ಕಣೇ ನಾನು. ನಿಮ್ಮಪ್ಪನೂ ಹಾಗೇ ಹೋದ್ರು. ಬೇರೆ ಯಾವ ಡಬ್ಬಿಗೂ ನನ್ನನ್ನ ತುರುಕಬೇಡ, ಹೇಳಿದೀನಿ."

"ಆಯ್ತಮ್ಮ, ಎಷ್ಟು ಸಲ ಹೇಳ್ತೀಯ" ಎನ್ನುತ್ತಿದ್ದಳು ಗೆಸೀನಾ. ಮಾತು ಕೊಟ್ಟಿದ್ದಳು. ಈಗ ಅಲೆಟಾಗೆ ತೊಂಬತ್ತೆರಡು. ಕ್ರಿಸ್ಮಸ್ಸಿನಿಂದ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಇನ್ನು ಕೆಲವು ವಾರ ಅಷ್ಟೇ ಎಂದು ಡಾಕ್ಟರು ಹೇಳಿ ಹೋಗಿದ್ದರು. ಆ ಪೆಟ್ಟಿಗೆ ಇನ್ನು ಬೇಕಾಗುವ ದಿನ ದೂರ ಇರಲಿಲ್ಲ ಎಂಬುದು ಮನೆಯ ಗೋಡೆಗಳಿಗೂ ಗೊತ್ತಿತ್ತು.

ಅಂಥ ಹೊತ್ತಿನಲ್ಲಿ ದೀಡ್ರಿಕ್ ವಕ್ಕರಿಸಿದ. ಪ್ರಿಟೋರಿಯಾದಲ್ಲಿ ಮೂವತ್ತು ವರ್ಷ ವಿಮೆ ಮಾರಿ ನಿವೃತ್ತನಾದವನಿಗೆ ಮಾಡಲು ಬೇರೆ ಕೆಲಸವಿಲ್ಲದೆ ವಂಶದ ಹುಚ್ಚು ಹಿಡಿದಿತ್ತು. ವಾನ್ ಹಾರ್ಲೂ ಕುಲಸಂಘ ಕಟ್ಟಿ ತಾನೇ ಅಧ್ಯಕ್ಷನಾಗಿದ್ದ. ಕುಲಪುರುಷ ಕೋರ್ನೆಲಿಸ್ ವಾನ್ ಹಾರ್ಲೂ ಡಚ್ ಕಂಪನಿಯ ಹಡಗಿನಲ್ಲಿ ಕೇಪಿಗೆ ಬಂದಿಳಿದು ಮುನ್ನೂರ ನಲವತ್ತು ವರ್ಷ ತುಂಬಿತೆಂದು ಸೂಟ್‌ಫೊಂಟೇನಿನಲ್ಲೇ ಕುಲಕೂಟ ಸೇರಬೇಕೆಂದು ನಿಶ್ಚಯಿಸಿದವನು ಅವನೇ. ಕುಲದ ಚರಿತ್ರೆ ಬರೆಯುತ್ತಿದ್ದವನೂ ಅವನೇ. ಆ ಪುಸ್ತಕದ ಕರಡಿನಲ್ಲಿ ಗೆಸೀನಾಳ ಪಾಲಿಗೆ ಒಂದೇ ಸಾಲು ಇತ್ತು: 'ಗೆಸೀನಾ, ಮದುವೆಯಾಗಿಲ್ಲ, ಸಂತಾನವಿಲ್ಲ.' ನಲವತ್ತು ವರ್ಷ ತೋಟ ಉಳಿಸಿದವಳಿಗೆ, ಮನೆಯ ಪಕ್ಕದ ಕುಲದ ಸ್ಮಶಾನದ ಗೋಡೆಗೆ ವರ್ಷವರ್ಷ ಸುಣ್ಣ ಬಳಿದವಳಿಗೆ, ಇಷ್ಟೇ. ಆ ಸಾಲು ಅವಳನ್ನು ಎಲ್ಲಿ ಚುಚ್ಚಿತೆಂದು ದೀಡ್ರಿಕ್‌ಗೆ ಚೆನ್ನಾಗಿ ಗೊತ್ತಿತ್ತು. ವಿಮೆ ಮಾರಿದವನಲ್ಲವೇ.

"ಗೆಸೀನಕ್ಕ, ನೀನಿಲ್ದೇ ಇದ್ರೆ ಈ ಮನೆ ಎಲ್ಲಿರ್ತಿತ್ತು ಹೇಳು? ನಿನಗೆ ಪೂರ್ತಿ ಒಂದು ಪುಟ. ಮೇಲೆ ನಿನ್ನ ಫೋಟೋ, ಬಣ್ಣದ್ದು. ಕೆಳಗೆ 'ಸೂಟ್‌ಫೊಂಟೇನಿನ ಕಾವಲುಗಾತಿ' ಅಂತ ದಪ್ಪಕ್ಷರದಲ್ಲಿ."

"ಅಯ್ಯೋ, ನನ್ನದೇನಿದೆ ಬಿಡೋ" ಎಂದಳು ಗೆಸೀನಾ, ಮುಖ ಕೆಂಪಾಗಿ.

"ಅಟ್ಟದಲ್ಲಿರೋ ಆ ಪೆಟ್ಟಿಗೇನ ಒಂದು ದಿನ ಕೆಳಗಿಳಿಸೋಣ. ಜನ ನೋಡ್ಲಿ. ನೋಡೋದು ಅಷ್ಟೇ ಅಕ್ಕ, ಯಾರೂ ಮುಟ್ಟಲ್ಲ. ನೀನು ಅದರ ಪಕ್ಕ ನಿಂತ್ಕೊಂಡ್ರೆ ಫೋಟೋಗೆ ಒಂದು ಗತ್ತು."

ಅದಕ್ಕೇ ಬೀಗದ ಕೈ. ಕೂಟದ ಹಿಂದಿನ ಸಂಜೆ ಅವಳೇ ಕೂತು ಪೀಚುಗಳನ್ನು ದಿಂಬಿನ ಚೀಲಗಳಿಗೆ ತುಂಬಿದಳು. ಅರ್ಧದಷ್ಟನ್ನು ಅಡುಗೆಗೆಂದು ನೆನೆಹಾಕಿದಳು. ನಾಲ್ಕು ಜನ ಪೆಟ್ಟಿಗೆ ಇಳಿಸುವಾಗ ಹಿಂದಿನ ಕೋಣೆಯಿಂದ ತಾಯಿ "ಏನೇ ಅದು ಸದ್ದು?" ಎಂದು ಕೂಗಿದರೆ, "ಕುರ್ಚಿ ಸಾಗಿಸ್ತಿದ್ದಾರಮ್ಮ, ಮಲ್ಕೋ" ಎಂದು ಸುಳ್ಳು ಹೇಳಿದಳು.

ಶನಿವಾರ ಬೆಳಿಗ್ಗೆ ಇನ್ನೂರು ಜನ ಬಂದಿಳಿದರು. ಎಲ್ಲರ ಎದೆಯ ಮೇಲೂ ಸಿಂಹದ ಕುಲಲಾಂಛನ ಅಚ್ಚು ಹಾಕಿದ ಅಂಗಿ. ಕುಲಲಾಂಛನವಂತೆ! ಕಂಪನಿಯ ಹಡಗಿನಲ್ಲಿ ಹೇನು ಹೆಕ್ಕಿಕೊಳ್ಳುತ್ತ ಬಂದ ಸಿಪಾಯಿಗೆ ಸಿಂಹ ಎಲ್ಲಿಂದ ಬಂತೋ ದೀಡ್ರಿಕ್‌ಗೇ ಗೊತ್ತು. ಬಂದವರು ಅಡುಗೆಮನೆಯ ಮೇಜನ್ನು ಹೇಳದೆ ಕೇಳದೆ ಹುಲ್ಲಿನ ಮೇಲಕ್ಕೆ ಹೊತ್ತುಕೊಂಡು ಹೋಗಿ ಅದರ ತುಂಬ ತಿಂಡಿ ಹರಡಿದರು. ಹತ್ತು ಗಂಟೆಗಾಗಲೇ ಬಿಯರ್ ಬುಡ್ಡಿಗಳು ತೆರೆದುಕೊಂಡವು. ಕುಡಿದ ಗಂಡಸರು ನಾಲ್ಕು ಹೆಜ್ಜೆ ಆಚೆ ಹೋಗಲು ಸೋಮಾರಿತನವಾಗಿ, ಸ್ಮಶಾನದ ಬಿಳಿಗೋಡೆಗೇ ಮೂತ್ರ ಹೊಯ್ಯುತ್ತಿದ್ದರು. ಒಳಗೆ ಮಲಗಿದವರ ಹೆಸರುಗಳನ್ನೇ ಬೆನ್ನ ಮೇಲೆ ಬರೆಸಿಕೊಂಡ ಅಂಗಿ ತೊಟ್ಟು!

ಗೆಸೀನಾ ಇದನ್ನೆಲ್ಲ ಕಂಡೂ ಕಾಣದಂತೆ ಇದ್ದಳು. ಅಂದು ಅವಳ ಮನಸ್ಸೆಲ್ಲ ಫೋಟೋದ ಮೇಲೆ. ತಾಯಿಯ ಕಪ್ಪು ಚರ್ಚಿನ ಉಡುಪು ತೊಟ್ಟುಕೊಂಡಿದ್ದಳು. ತಾಯಿ ಮಗಳದ್ದು ಒಂದೇ ಎತ್ತರ, ಒಂದೇ ಹೆಗಲು, ಅವಳಿಗೇ ಹೊಲಿಸಿದ ಹಾಗೆ ಕೂತಿತ್ತು. ಎರಡು ಪೀಪಾಯಿಗಳ ಮೇಲೆ ಇಟ್ಟ ಪೆಟ್ಟಿಗೆಯ ಮುಂದೆ ಫೋಟೋದವನು ಅವಳನ್ನು ನಿಲ್ಲಿಸಿದ. ಹಿಂದೆ ಜನ ಕೇಕೆ ಹಾಕಿ ನಗುತ್ತಿದ್ದರು.

"ಹಿಂದೆ ತಿರುಗಬೇಡಿ ಅಮ್ಮಾ. ಹಿಂಗೇ ಇರಿ. ಒಂಚೂರು ನಗಿ."

ಅವಳು ನಕ್ಕಳು. ಕ್ಲಿಕ್ಕೆಂದ ಕೂಡಲೇ ಒಲೆಯ ಮೇಲಿನ ಪೀಚು ನೆನಪಾಗಿ ಅಡುಗೆಮನೆಗೆ ಓಡಿದಳು.

ಮಧ್ಯಾಹ್ನ ದಾಲ್ಚಿನ್ನಿ ಹಾಕಿ ಕುದಿಸಿದ ಪೀಚಿನ ದೊಡ್ಡ ಪಾತ್ರೆ ಹೊತ್ತು ಹೊರಗೆ ಬಂದಾಗ ಅವಳ ಕಾಲು ಅಲ್ಲೇ ನಿಂತಿತು. ಪೆಟ್ಟಿಗೆಯ ಮುಂದೆ ಜನ ಸರತಿ ನಿಂತಿದ್ದರು. ಒಬ್ಬರು ಇಳಿದರೆ ಇನ್ನೊಬ್ಬರು ಹತ್ತುವುದು, ಎದೆಯ ಮೇಲೆ ಕೈ ಜೋಡಿಸಿ ಕಣ್ಣು ಮುಚ್ಚುವುದು, ನೋಡುವವರು "ಅಯ್ಯೋ, ಹೋಗ್ಬಿಟ್ಯಾ!" ಎಂದು ಸುಳ್ಳು ಅಳು ಅಳುವುದು, ಫೋನುಗಳಲ್ಲಿ ಫೋಟೋ. ಈಗ ಒಳಗಿದ್ದವನು ದೀಡ್ರಿಕ್. ಅದೂ ಎಷ್ಟನೆಯ ಸಲವೋ. ನೂರಿಪ್ಪತ್ತು ಕಿಲೋದ ಆಸಾಮಿ, ಸೊಂಟ ಒಳಗೆ ಸಿಕ್ಕಿಕೊಂಡು, ಹೊಟ್ಟೆ ಪೆಟ್ಟಿಗೆಯ ಅಂಚಿನಿಂದ ಮೇಲೆ ಉಬ್ಬಿ, ಕೈಯಲ್ಲಿ ಸುಟ್ಟ ಕುರಿಯ ಪಕ್ಕೆಲುಬು. ಗಲ್ಲದಿಂದ ಕೊಬ್ಬು ಹರಿದು ಕತ್ತಿನ ಮಡಿಕೆಗೆ ಇಳಿಯುತ್ತಿತ್ತು. ಕಾಲಲ್ಲಿ ಬೂಟು. ಬೂಟಿನಲ್ಲಿ ಕುರಿಹಟ್ಟಿಯ ಹಿಕ್ಕೆ.

"ಸತ್ತ ಹಾಗೆ ಮಾಡ್ರೀ" ಎಂದು ಅವನ ಹೆಂಡತಿ ಮಾರ್ಲೀನ್ ಕಿರುಚಿದಳು. ಅವನು ನಾಲಿಗೆ ಹೊರಗೆ ಚಾಚಿದ. ನಾಲಿಗೆಯ ಮೇಲೆ ಅಗಿದ ಮಾಂಸ ಇತ್ತು. ಜನ ಬಿದ್ದುಬಿದ್ದು ನಕ್ಕರು.

ಅವನನ್ನು ಮೂವರು ಎಳೆದು ಹೊರಗೆ ತೆಗೆದ ಮೇಲೆ ಗೆಸೀನಾ ಪಾತ್ರೆಯನ್ನು ಮೇಜಿನ ಮೇಲಿಟ್ಟು ಪೆಟ್ಟಿಗೆಯೊಳಗೆ ಇಣುಕಿದಳು. ತಾಯಿ ತನ್ನ ಕೈಯಾರೆ ಅಂಚು ಹೊಲಿದ ಬಿಳಿ ಬಟ್ಟೆ ಮುದ್ದೆಯಾಗಿ ಒಂದು ಮೂಲೆಗೆ ಸೇರಿತ್ತು. ಅದರ ಮೇಲೆ ಚೀಪಿ ಬಿಸಾಕಿದ ಎಲುಬು, ಚೆಲ್ಲಿದ ಕಿತ್ತಳೆ ಪಾನಕ, ತುಟಿಬಣ್ಣದ ಕಲೆ, ಯಾರದೋ ಬಿದ್ದ ಕೂದಲು. ಬೆವರು, ಬ್ರಾಂದಿ, ಅಗ್ಗದ ಸೆಂಟು ಎಲ್ಲ ಕಲೆತ ಬೆಚ್ಚನೆಯ ವಾಸನೆ ಮುಖಕ್ಕೆ ಹೊಡೆಯಿತು. ಅವಳು ಎಲುಬನ್ನು ಎರಡು ಬೆರಳಲ್ಲಿ ಎತ್ತಿ ಎಸೆದಳು. ಥೂ, ಬೆರಳು ಅಂಟಂಟಾಯಿತು. ಉಡುಪಿಗೆ ಎಷ್ಟು ಒರೆಸಿದರೂ ಹೋಗಲಿಲ್ಲ.

ಪೆಟ್ಟಿಗೆಯ ತಲೆಭಾಗಕ್ಕೆ ಹೊಸ ಹಿತ್ತಾಳೆ ಫಲಕ ಜಡಿದಿದ್ದರು: 'ಕುಲಪುರುಷ ಕೋರ್ನೆಲಿಸ್ ವಾನ್ ಹಾರ್ಲೂ ಅವರ ಶವಪೆಟ್ಟಿಗೆ, 1709.'

"ಏನೋ ಇದು ದೀಡ್ರಿಕ್? ಇದು ಅಮ್ಮಂದು. ಅಪ್ಪ ಮಾಡಿಸಿದ್ದು."

"ಮೆಲ್ಲಗೆ ಮಾತಾಡಕ್ಕ" ಎಂದ ದೀಡ್ರಿಕ್, ಬಾಯಿ ಒರೆಸಿಕೊಳ್ಳುತ್ತ. "ಹಳದಿಮರ, ಹಿತ್ತಾಳೆ ಹಿಡಿ. ನೋಡಿದ್ರೇ ಗೊತ್ತಾಗುತ್ತೆ. ದೊಡ್ಡಪ್ಪ ಎಲ್ಲೋ ರಿಪೇರಿ ಮಾಡ್ಸಿರ್ಬೇಕು, ಅಷ್ಟೇ."

"ಇದು ಕೋರ್ನೆಲಿಸನ ಪೆಟ್ಟಿಗೆಯಾದ್ರೆ ಅವನನ್ನ ಯಾತರಲ್ಲಿ ಹೂತ್ರು?"

ಮೂರು ವರ್ಷ ಕುಲದ ಚರಿತ್ರೆ ಬರೆದವನಿಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. "ಎರಡಿದ್ದಿರ್ಬೇಕು" ಎಂದ ದೀಡ್ರಿಕ್. "ನೋಡು, ವಸ್ತುಸಂಗ್ರಹಾಲಯದವರು ವ್ಯಾನು ತಂದಿದ್ದಾರೆ. ನಾಲ್ಕು ಗಂಟೆಗೆ ಹಸ್ತಾಂತರ. ಕುಲಕ್ಕೇ ಹೆಮ್ಮೆ. ದೊಡ್ಡಮ್ಮನಿಗೆ ನಾನು ಹೊಸಾದು ತರಿಸ್ಕೊಡ್ತೀನಿ, ಒಳಗೆಲ್ಲ ಗುಲಾಬಿ ಸ್ಯಾಟಿನ್ನು. ಹಾಯಾಗಿ ಮಲಗ್ತಾರೆ."

"ಕೊಡಲ್ಲ ನಾನು."

"ಕೀ ಯಾರು ಕೊಟ್ಟಿದ್ದಕ್ಕ?" ದೀಡ್ರಿಕ್ ನಗುತ್ತಲೇ ಕೇಳಿದ. "ನಾನೇನು ಬೀಗ ಒಡೆದ್ನಾ? ಫೋಟೋಗೆ ಹಲ್ಲು ಬಿಟ್ಕೊಂಡು ನಿಂತಿದ್ದು ಯಾರು? ಈಗ ಎಲ್ಲರ ಮುಂದೆ ಗಲಾಟೆ ಮಾಡಿ ನಿನ್ನ ಮಾನಾನ ನೀನೇ ಕಳ್ಕೋಬೇಡ."

ಗೆಸೀನಾ ಬೆನ್ನು ತಿರುಗಿಸಿದಳು. ಅವನ ಮೇಲೆ ಹುಟ್ಟಿದ ಹೇಸಿಗೆಯಲ್ಲಿ ಅರ್ಧ ತನ್ನ ಮೇಲಿನದೇ ಎಂದು ಅವಳಿಗೆ ಗೊತ್ತಾಗಿಬಿಟ್ಟಿತ್ತು. ಬೆಂಕಿಯ ಹತ್ತಿರ ಹೋಗಿ ನಿಂತಳು. ಅಲ್ಲಿ ಅಪೊಲ್ಲೋಸನ ಮಗ ದಾವೀದ ನಸುಕಿನಿಂದ ಮಾಂಸ ತಿರುವಿಹಾಕುತ್ತಿದ್ದ. ಅವಳದೇ ವಯಸ್ಸು, ಅದೇ ತೋಟದಲ್ಲಿ ಹುಟ್ಟಿ ಬೆಳೆದವನು. ಬೆಳಿಗ್ಗೆಯಿಂದ ಇನ್ನೂರು ಜನರಲ್ಲಿ ಒಬ್ಬರೂ ಅವನ ಹೆಸರು ಕೇಳಿರಲಿಲ್ಲ, ಒಂದು ತುಂಡು ತಿನ್ನು ಎಂದಿರಲಿಲ್ಲ.

"ನಮ್ಮಪ್ಪ ರಂದ ಹಾಕಿ ನುಣುಪು ಮಾಡಿದ ಹಲಗೆ ಅದು" ಎಂದ ದಾವೀದ, ತಲೆ ಎತ್ತದೆ. "ನಾನು ಮೊಳೆ ಎತ್ತಿಕೊಡ್ತಿದ್ದೆ. ಇವತ್ತು ಆ ಮನುಷ್ಯನ ಬೂಟು ಅದರಲ್ಲಿ."

"ನಾನೇ ಕೊಟ್ಟಿದ್ದು ದಾವೀದ."

"ಗೊತ್ತು ಅಕ್ಕ" ಎಂದ ಅವನು. ಇನ್ನೊಂದು ತುಂಡು ಮಗುಚಿಹಾಕಿದ.

ಅಷ್ಟರಲ್ಲಿ ಮೇಜಿನ ಸುತ್ತ ಗದ್ದಲವೆದ್ದಿತು. ಪೀಚಿನ ಪಾತ್ರೆ ಖಾಲಿಯಾಗುತ್ತಿತ್ತು. ಮೂರು ಸಲ ಬಡಿಸಿಕೊಂಡವರೂ ಬಟ್ಟಲು ನೆಕ್ಕುತ್ತಿದ್ದರು. ಮಾರ್ಲೀನ್ ಮೈಕು ಹಿಡಿದುಕೊಂಡು ಬಂದವಳೇ ಗೆಸೀನಾಳ ತೋಳು ಹಿಡಿದು ಎಳೆದಳು.

"ಕೇಳ್ರಪ್ಪಾ ಎಲ್ಲರೂ! ಇದು ನೋಡಿ ನಮ್ಮ ಪೂರ್ವಜರ ರುಚಿ! ಅತ್ತಿಗೆ, ಇದಕ್ಕೆ ಅದೇನೋ ಒಂಥರಾ ಮರದ ಘಮ ಬರುತ್ತಲ್ಲ, ಅಂಗಡಿ ಪೀಚಲ್ಲಿ ಬರಲ್ಲ. ಏನು ಗುಟ್ಟು? ಹೇಳಿ, ಪುಸ್ತಕಕ್ಕೇ ಹಾಕ್ಸೋಣ."

ಮೈಕು ಗೆಸೀನಾಳ ಮೂಗಿನ ಕೆಳಗೆ ಬಂತು. ಅವಳು ಆ ಎಣ್ಣೆಮುಖಗಳನ್ನು ಒಂದು ಸುತ್ತು ನೋಡಿದಳು.

"ಗುಟ್ಟೇನಿಲ್ಲ. ಆ ಪೆಟ್ಟಿಗೆಯೊಳಗೆ ಇಟ್ಟಿದ್ವು. ಫೆಬ್ರವರಿಯಿಂದ ನಿನ್ನೆ ಸಾಯಂಕಾಲದವರೆಗೂ ಅದರಲ್ಲೇ ಇದ್ವು."

"ಯಾವ ಪೆಟ್ಟಿಗೆ?"

"ಇದೇ. ನೀವು ಮಲಗಿ ಎದ್ರಲ್ಲ, ಅದು."

ಆಮೇಲೆ ಶುರುವಾಯಿತು ನೋಡಿ. ಒಬ್ಬಳು ಬಟ್ಟಲನ್ನು ಕೈಯಿಂದ ಬೀಳಿಸಿದಳು. ಇನ್ನೊಬ್ಬಳು ಗುಲಾಬಿ ಪಾತಿಗೆ ಬಾಗಿ ಗೊಳಗೊಳನೆ ಕಾರಿಕೊಂಡಳು. ಕೇಪ್‌ಟೌನಿನ ಒಬ್ಬ ಪ್ರೊಫೆಸರು ಬಾಯಿಗೆ ಬೆರಳು ಹಾಕಿಕೊಂಡು ಗೋಡೆಯ ಕಡೆಗೆ ಓಡಿದ. ದೀಡ್ರಿಕ್ ಕರವಸ್ತ್ರದಲ್ಲಿ ನಾಲಿಗೆ ಉಜ್ಜಿಕೊಳ್ಳುತ್ತ ಕೂಗಿದ: "ಛೀ! ಹೆಣದ ಪೆಟ್ಟಿಗೇದನ್ನ ತಿನ್ನಿಸಿದ್ಯಾ ನಮಗೆ? ನಿನಗೆ ತಲೆ ನೆಟ್ಟಗಿದೆಯಾ?"

"ಅದರಲ್ಲಿ ಹೆಣ ಯಾವತ್ತೂ ಇರಲಿಲ್ಲ ಕಣೋ" ಎಂದಳು ಗೆಸೀನಾ. ಮೈಕು ಇನ್ನೂ ಅಲ್ಲೇ ಇತ್ತು. "ಇವತ್ತು ಬೆಳಿಗ್ಗೆಯಿಂದ ಹತ್ತಿ ಇಳೀತಾ ಇವೆ. ನಿಮ್ಮಜ್ಜ ಮುತ್ತಜ್ಜ ಎಲ್ಲ ತಿಂದಿದ್ದು ಇಂಥಾ ಪೀಚನ್ನೇ. ಕುಲ ಕುಲ ಅಂತ ಅಂಗಿ ತುಂಬ ಬರೆಸ್ಕೊಂಡಿದೀರಲ್ಲ, ಇದೇ ಕುಲ. ನುಂಗಿ."

ಬದುಕಿರುವ ಮುದುಕಿಯ ಪೆಟ್ಟಿಗೆಯಲ್ಲಿ ಬೂಟು ಹಾಕಿಕೊಂಡು ಹೊರಳಾಡಲು ಅವರಿಗೆ ಹೇಸಿಗೆಯಾಗಿರಲಿಲ್ಲ, ತೊಳೆದು ಒಣಗಿಸಿ ಬಿಳಿ ಬಟ್ಟೆಯ ಮೇಲೆ ಇಟ್ಟ ಹಣ್ಣಿಗೆ ಹೇಸಿಗೆಯಾಯಿತು. ಗೆಸೀನಾಗೆ ಅವರು ಕಾರಿದ್ದನ್ನು ನೋಡುವುದಕ್ಕಿಂತ ಅವರ ಮುಖ ನೋಡುವುದೇ ಅಸಹ್ಯವಾಯಿತು.

ಆಗ ಹಿಂದಿನ ಕೋಣೆಯಿಂದ ಕೈಗಂಟೆ ಬಾರಿಸಿದ ಸದ್ದು ಬಂತು.

ಗೆಸೀನಾ ಒಳಗೆ ಹೋದಾಗ ಅಲೆಟಾ ದಿಂಬಿಗೆ ಒರಗಿ ಕೂತಿದ್ದಳು. ತಿಂಗಳಿಂದ ತಾನಾಗಿ ಎದ್ದು ಕೂತಿರದವಳು ಕಿಟಕಿಯ ಪರದೆ ಸರಿಸಿಕೊಂಡು ಕೂತಿದ್ದಳು. ಕಿಟಕಿಯಿಂದ ಹುಲ್ಲು, ಮೇಜು, ಪೆಟ್ಟಿಗೆ ಎಲ್ಲ ಕಾಣುತ್ತಿತ್ತು. ತಲೆಯ ಮೇಲೆ ಬರೀ ಮೊಳೆ.

"ಅಮ್ಮಾ, ಅದು..."

"ಯಾರೇ ಅದು, ನನ್ನ ಪೆಟ್ಟಿಗೇಲಿ ಹಂದಿ ಹಾಗೆ ಬಿದ್ಕೊಂಡಿದ್ದು?"

"ದೀಡ್ರಿಕ್."

"ಯೋಸ್ಟನ ಮಗನಾ? ಚಿಕ್ಕವನಿದ್ದಾಗ್ಲೂ ಎಂಜಲು ಕೈಯಲ್ಲೇ ಎಲ್ಲ ಮುಟ್ಟೋನು." ಅಲೆಟಾ ಉಸಿರು ಎಳೆದುಕೊಂಡಳು. "ಕೀ ಯಾರು ಕೊಟ್ರು?"

ದೀಡ್ರಿಕ್‌ನ ಮೇಲೆ ಹಾಕಬಹುದಿತ್ತು. ಕದ್ದ ಅನ್ನಬಹುದಿತ್ತು. ಮುದುಕಿ ಇನ್ನೆಷ್ಟು ದಿನ? ಗೆಸೀನಾಳ ನಾಲಿಗೆಯ ತುದಿಗೆ ಆ ಸುಳ್ಳು ಬಂದೂ ಬಂತು. ಬೆರಳಿನ ಅಂಟು ಇನ್ನೂ ಹೋಗಿರಲಿಲ್ಲ.

"ನಾನೇ ಅಮ್ಮ."

"ಯಾಕೆ?"

"ಫೋಟೋಗೆ. ಪುಸ್ತಕದಲ್ಲಿ ನನ್ನ ಫೋಟೋ ಹಾಕ್ತೀನಿ ಅಂದ."

ಅಲೆಟಾ ಮಗಳನ್ನು, ಮಗಳ ಮೈಮೇಲಿದ್ದ ತನ್ನ ಉಡುಪನ್ನು ನೋಡಿದಳು.

"ಚೆನ್ನಾಗಿ ಬಂತಾ?" ಎಂದು ಕೇಳಿದಳು.

ಗೆಸೀನಾ ಮಂಚದ ಪಕ್ಕ ನೆಲದ ಮೇಲೆ ಕೂತು ಅತ್ತಳು. ಹೊಡೆದಿದ್ದರೆ, ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಅತ್ತಿದ್ದು ಸಾಕು, ಏಳು. ದಾವೀದನ್ನ ಕರಿ. ನನ್ನನ್ನ ಎತ್ಕೊಂಡು ಹೋಗಿ ಅಲ್ಲಿ ಇಳಿಸಿ."

ಇಬ್ಬರೂ ಕುರ್ಚಿಯ ಸಮೇತ ಅವಳನ್ನು ಹೊತ್ತು ತಂದರು. ಅಷ್ಟೇನೂ ಭಾರವಿರಲಿಲ್ಲ. ಜನ ದಾರಿ ಬಿಟ್ಟರು. ಕೆಲವರು ಈ ಮನೆಯಲ್ಲಿ ಮುದುಕಿ ಇದ್ದಾಳೆಂದೇ ಅರಿಯದವರು. ದೀಡ್ರಿಕ್ ಓಡಿ ಬಂದು ಬಾಗಿದ.

"ದೊಡ್ಡಮ್ಮಾ! ನಿಮ್ಮ ಆಶೀರ್ವಾದ ಬೇಕಾಗಿತ್ತು ನೋಡಿ..."

ಅಲೆಟಾ ಅವನ ಕಡೆ ತಿರುಗಲಿಲ್ಲ. ಪೆಟ್ಟಿಗೆಯ ಅಂಚು ಹಿಡಿದು, ಮುಖ ಒಳಗೆ ಬಗ್ಗಿಸಿ, ಮೂಸಿದಳು. ಇನ್ನೊಂದು ಸಲ ಮೂಸಿದಳು. ಬಟ್ಟೆಯ ಮುದ್ದೆಯನ್ನು ನೋಡಿ ಬೆರಳ ತುದಿಯಿಂದ ಆಚೆ ತಳ್ಳಿದಳು.

"ಬೇಡ. ನನಗಿದು ಬೇಡ."

"ತೊಳೀತೀನಮ್ಮ" ಎಂದಳು ಗೆಸೀನಾ. "ಸೋಡ ಹಾಕಿ ಉಜ್ಜಿ, ಬಿಸಿಲಿಗೆ ಇಟ್ಟು..."

"ಮರ ಕುಡಿದುಬಿಟ್ಟಿದೆ ಕಣೇ. ಹೋಗಲ್ಲ. ಸತ್ತವರೆಲ್ಲ ಏಳೋ ಕಡೇ ದಿನ ತುತ್ತೂರಿ ಊದಿದಾಗ ಈ ಗಬ್ಬು ಹೊತ್ಕೊಂಡು ನಿಮ್ಮಪ್ಪನ ಪಕ್ಕ ಎದ್ದು ನಿಲ್ಲಲಾ ನಾನು?" ಆಮೇಲೆ ದೀಡ್ರಿಕ್‌ನತ್ತ ತಿರುಗಿದಳು. "ನೀನೇ ಇಟ್ಕೋ. ಮಲಗಿ ಅಳತೆ ನೋಡ್ಕೊಂಡಿದೀಯಲ್ಲ. ಆ ಫಲಕದ ಮೇಲೆ ನಿನ್ನ ಹೆಸರು ಕೊರೆಸ್ಕೋ. ಹತ್ತು ಮಗಾ, ಇನ್ನೊಂದು ಸಲ ಹತ್ತು, ನಾನೂ ನೋಡ್ತೀನಿ."

ಬೆಳಿಗ್ಗೆಯಿಂದ ನಾಲಿಗೆ ಚಾಚಿಕೊಂಡು ಮಲಗಿದ್ದ ಮಹಾಶಯ ಎರಡು ಹೆಜ್ಜೆ ಹಿಂದೆ ಸರಿದ. "ಏನ್ ಮಾತಾಡ್ತೀರಿ ದೊಡ್ಡಮ್ಮ, ಅಪಶಕುನ" ಎಂದು ತೊದಲಿದ. ವಸ್ತುಸಂಗ್ರಹಾಲಯದವನು ಪೆಟ್ಟಿಗೆಯ ಅಡಿಗೆ ಬಗ್ಗಿ ನೋಡಿದ. 1709ರಲ್ಲಿ ಇಲ್ಲದ ಕಾರ್ಖಾನೆಯ ಮೊಳೆಗಳ ಸಾಲು ಕಂಡು, ಯಾರಿಗೂ ಹೇಳದೆ ವ್ಯಾನು ಹತ್ತಿದ.

"ದಾವೀದ" ಎಂದಳು ಅಲೆಟಾ. "ಆ ಮೇಜೂ ಅದೇ ಮರ ಅಲ್ವೇನೋ?"

"ಅದೇ ಮರ ಅಮ್ಮಾ. ಅಪ್ಪ ಒಂದೇ ತಿಂಗಳಲ್ಲಿ ಮಾಡಿದ್ದು."

"ನನಗೆ ಸಾಕಾಗುತ್ತಾ?"

ದಾವೀದ ಮೇಜನ್ನು ನೋಡಿದ, ಕುರ್ಚಿಯಲ್ಲಿದ್ದ ಮುದುಕಿಯನ್ನು ನೋಡಿದ. "ಸಾಕಾಗಿ ಮಿಗುತ್ತೆ."

"ಹಾಗಾದ್ರೆ ಅದನ್ನೇ ಒಡಿ. ಐವತ್ತು ವರ್ಷ ಹಿಟ್ಟು ನಾದಿದೀನಿ, ಈರುಳ್ಳಿ ಹೆಚ್ಚಿದೀನಿ. ಅದರ ವಾಸನೆ ನನಗೆ ಗೊತ್ತು."

ಮೇಜಿನ ಮೇಲೆ ಇನ್ನೂ ಕುಲದ ಹಬ್ಬ ಹರಡಿಕೊಂಡಿತ್ತು.

"ಸ್ವಲ್ಪ ತಡೀರಿ ಅತ್ತಿಗೆ, ಖಾಲಿ ಮಾಡ್ತೀವಿ" ಎಂದು ಮಾರ್ಲೀನ್ ಕೈ ಅಡ್ಡ ಹಿಡಿದಳು. ಗೆಸೀನಾ ಮೇಜುಬಟ್ಟೆಯ ಎರಡು ಮೂಲೆ ಹಿಡಿದು ಎಳೆದಳು. ಸಿಂಹದ ಲಾಂಛನವಿದ್ದ ಮೂರಂತಸ್ತಿನ ಕೇಕು, ಮಾಂಸದ ತಟ್ಟೆಗಳು, ಬುಡ್ಡಿಗಳು, ಕುಲಚರಿತ್ರೆಯ ಕರಡು ಎಲ್ಲ ಒಂದರ ಮೇಲೊಂದು ಹುಲ್ಲಿಗೆ ಬಿದ್ದವು. ದಾವೀದ ಅತ್ತ ಹಿಡಿದ, ಅವಳು ಇತ್ತ ಹಿಡಿದಳು. ಕೆನೆಯನ್ನು ತುಳಿದುಕೊಂಡೇ ಮೇಜನ್ನು ಕೊಟ್ಟಿಗೆಗೆ ಸಾಗಿಸಿದರು. ಸೂರ್ಯ ಇಳಿಯುವ ಮೊದಲೇ ಕಾರುಗಳೆಲ್ಲ ಹೊರಟುಹೋದವು. ದೀಡ್ರಿಕ್ ಪೆಟ್ಟಿಗೆಯನ್ನು ತಿರುಗಿಯೂ ನೋಡದೆ ಹೋದ.

ದಾವೀದ ಮೂರು ದಿನದಲ್ಲಿ ಕೆಲಸ ಮುಗಿಸಿದ. ಹಲಗೆಗಳ ತುಂಬ ಚಾಕುವಿನ ಗೀರು, ಒಂದು ಕಡೆ ಬಾರೆಂಡ್ ಯಾವತ್ತೋ ಬಿಸಿ ಪಾತ್ರೆ ಇಟ್ಟು ಸುಟ್ಟ ದುಂಡನೆ ಗುರುತು. "ರಂದ ಹಾಕ್ಲಾ ಅಮ್ಮಾ?" ಎಂದು ಕೇಳಿದ್ದಕ್ಕೆ ಅಲೆಟಾ "ಮುಟ್ಟಿದ್ರೆ ನೋಡು" ಎಂದಳು. ಗೀರುಗಳು ಒಳಮುಖವಾಗಿರಲಿ ಎಂದೂ ಹೇಳಿದಳು. ಬೀಗದ ಕೈಯ ಮಾತು ಮತ್ತೆ ಎತ್ತಲಿಲ್ಲ. ಹದಿನೇಳನೆಯ ದಿನ ಮಧ್ಯಾಹ್ನ, ಗೆಸೀನಾ ಗಂಜಿ ಕುಡಿಸುತ್ತಿರುವಾಗ ಅಲೆಟಾ ಬಾಯಿ ಮುಚ್ಚಿಕೊಂಡವಳು ಮತ್ತೆ ತೆರೆಯಲಿಲ್ಲ. ಬಾರೆಂಡ್‌ನ ಪಕ್ಕದಲ್ಲಿ ಅವಳನ್ನು ಇಟ್ಟರು. ಅದಕ್ಕೂ ಮುಂಚೆ ಗೆಸೀನಾ ಸ್ಮಶಾನದ ಗೋಡೆಯನ್ನು ಹೊರಗಡೆಯಿಂದ ಮೂರು ಸಲ ತೊಳೆದು ಸುಣ್ಣ ಬಳಿದಿದ್ದಳು.

ಜೂನಿನಲ್ಲಿ, ಅಲ್ಲಿನ ಚಳಿಗಾಲಕ್ಕೆ, ಅಂಚೆಯಲ್ಲಿ ಪುಸ್ತಕ ಬಂತು. ಜೊತೆಗೆ ಕಾಗದವಿರಲಿಲ್ಲ. ಅಡುಗೆಮನೆಯಲ್ಲಿ ಈಗ ಮೇಜಿನ ಬದಲು ಎರಡು ಪೀಪಾಯಿಗಳ ಮೇಲೆ ಒಂದು ಹಳೇ ಬಾಗಿಲು. ಅದರ ಮೇಲೆ ಪುಸ್ತಕ ಇಟ್ಟು ಗೆಸೀನಾ ಪುಟ ಹುಡುಕಿದಳು. ದೀಡ್ರಿಕ್ ಮಾತು ತಪ್ಪಿರಲಿಲ್ಲ, ಅಥವಾ ಅಷ್ಟು ಹೊತ್ತಿಗೆ ಅಚ್ಚು ಮುಗಿದುಹೋಗಿತ್ತೋ ಏನೋ. 'ಸೂಟ್‌ಫೊಂಟೇನಿನ ಕಾವಲುಗಾತಿ' ಎಂದು ದಪ್ಪಕ್ಷರದಲ್ಲಿತ್ತು.

ಫೋಟೋ ಚೆನ್ನಾಗಿಯೇ ಬಂದಿತ್ತು. ತಾಯಿಯ ಉಡುಪಿನಲ್ಲಿ ಗೆಸೀನಾ ಕತ್ತೆತ್ತಿ ನಿಂತಿದ್ದಳು, ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದಳು. ಅವಳ ಹೆಗಲ ಹಿಂದೆ, ಪೆಟ್ಟಿಗೆಯಿಂದ ಮೇಲಕ್ಕೆ, ಎರಡು ಬೂಟುಗಳು. ಅಡಿಗೆ ಅಂಟಿದ್ದ ಹಿಕ್ಕೆ ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳು ಪುಸ್ತಕವನ್ನು ಪಟ್ಟನೆ ಮುಚ್ಚಿದಳು. ಬೂಟು ನೋಡಿ ಅಲ್ಲ, ಆ ನಗು ನೋಡಿ.

ಬಾಗಿಲಲ್ಲಿ ದಾವೀದ ನಿಂತಿದ್ದ. "ಅಕ್ಕ, ಆ ಪೆಟ್ಟಿಗೆ ಇನ್ನೂ ಕೊಟ್ಟಿಗೇಲೇ ಬಿದ್ದಿದೆ. ಚಳಿ ಜಾಸ್ತಿಯಾಯ್ತು. ಒಡೆದು ಸೌದೆ ಮಾಡ್ಲಾ?"

"ಬೇಡ. ಅಟ್ಟಕ್ಕೆ ಏರಿಸೋಣ ಬಾ."

"ಯಾರಿಗಕ್ಕ ಅದು ಇನ್ನು?"

"ಅಮ್ಮನ ಬಟ್ಟೆ ನನಗೆ ಸರಿಯಾಗಿ ಕೂತಿತ್ತಲ್ಲ ದಾವೀದ."

ಇಬ್ಬರೂ ಕೊಟ್ಟಿಗೆಗೆ ಹೋದರು. ಗೆಸೀನಾ ಸ್ಕ್ರೂ ಬಿಚ್ಚಿ ಫಲಕವನ್ನು ಬೂದಿಯ ಬಕೆಟ್ಟಿಗೆ ಹಾಕಿದಳು. ಇಬ್ಬರೂ ಸೇರಿ ಪೆಟ್ಟಿಗೆಯನ್ನು ಎತ್ತಿದರು. ಎರಡು ಸಲ ವಿನಿಗರ್ ಹಾಕಿ ಉಜ್ಜಿದ್ದರೂ ಅದರಿಂದ ಇನ್ನೂ ಕುರಿಕೊಬ್ಬಿನ ವಾಸನೆ ಬರುತ್ತಿತ್ತು.